ಖಾಯಂ ವಿಳಾಸ ಇಲ್ಲದವರ ಪತ್ರಗಳು ಎಲ್ಲಿಗೆ ಹೋಗುತ್ತವೆ?

ಕಳೆದ ತಿಂಗಳು ಹಳೇ ಮನೆಯ ಓನರ್ ಆಂಟಿ ಫೋನ್ ಮಾಡಿದ್ರು. ಗಿರಿನಗರದ ಆ ಮನೆ ಬಿಟ್ಟು ಆಗಲೇ ಒಂದೂವರೆ ವರ್ಷ ಆಗಿತ್ತು. "ನಿನ್ನ ಹೆಸರಿಗೆ ಏನೋ ಒಂದು ರಿಜಿಸ್ಟರ್ ಬಂದಿತ್ತು ಕಣಪ್ಪ. ಅವ್ರು ಈಗ ಇಲ್ಲಿಲ್ಲ ಅಂದೆ, ಪೋಸ್ಟ್‌ಮ್ಯಾನ್ ವಾಪಸ್ ತಗೊಂಡು ಹೋದ" ಅಂದ್ರು. "ಯಾರು ಕಳಿಸಿದ್ದು ಅಂತ ನೋಡಿದ್ರಾ ಆಂಟಿ?" ಅಂತ ಕೇಳಿದೆ. "ಕನ್ನಡಕ ಇರ್ಲಿಲ್ಲ ಕಣೋ. ಗೌರ್ಮೆಂಟ್ ಕವರ್ ಥರ ಇತ್ತು."

ಅಷ್ಟೇ ಮಾಹಿತಿ. ಆ ಕವರ್‌ನಲ್ಲಿ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಆವತ್ತು ರಾತ್ರಿ ಕೂತು ಲೆಕ್ಕ ಹಾಕಿದೆ. ಬೆಂಗಳೂರಿಗೆ ಬಂದಮೇಲೆ ಇದು ನನ್ನ ಐದನೇ ಮನೆ. ಬ್ಯಾಂಕಿನಲ್ಲಿ ಎರಡನೇ ಮನೆಯ ವಿಳಾಸ, ಆಧಾರ್‌ನಲ್ಲಿ ಊರಿನದು, ಬೈಕಿನ ಆರ್‌ಸಿಯಲ್ಲಿ ಮೂರನೇದು, ವೋಟರ್ ಐಡಿಯಲ್ಲಿ ನಾಲ್ಕನೇದು. ಈಗ ನಾನಿರುವ ಐದನೇ ಮನೆಯಲ್ಲಿ ನಾನಿದ್ದೇನೆ ಅಂತ ಗೊತ್ತಿರುವುದು ಊಟ ತಂದುಕೊಡುವ ಆ್ಯಪ್‌ಗೆ ಮಾತ್ರ.

ಇದರ ಇನ್ನೊಂದು ಮುಖ ನನ್ನದೇ ಮನೆಯ ಫ್ರಿಡ್ಜ್ ಮೇಲಿದೆ. ನನಗಿಂತ ಮೊದಲು ಇಲ್ಲಿ ಬಾಡಿಗೆಗಿದ್ದ ಮೂವರ ಹೆಸರಿನಲ್ಲಿ ಪತ್ರಗಳು ಬರುತ್ತಲೇ ಇರುತ್ತವೆ. ವಿಮೆ ಕಂಪನಿಯದು, ಬ್ಯಾಂಕಿನದು, ಒಮ್ಮೆ ಚುನಾವಣೆ ಹೊತ್ತಲ್ಲಿ ಮತದಾರರ ಚೀಟಿ. ಅವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಸರ್ಕಾರದ ಪ್ರಕಾರ ಅವರಲ್ಲಿ ಒಬ್ಬರಾದರೂ ಇನ್ನೂ ನನ್ನ ಮನೆಯಲ್ಲೇ ವಾಸವಾಗಿದ್ದಾರೆ.

ಮನೆ ಬದಲಿಸುವಾಗ ನಾವು ಟೆಂಪೋ ಹುಡುಕುತ್ತೇವೆ, ಅಡ್ವಾನ್ಸ್ ವಾಪಸ್ ಪಡೆಯಲು ಜಗಳ ಆಡುತ್ತೇವೆ, ಹೊಸ ಮನೆಯಲ್ಲಿ ಹಾಲು ಉಕ್ಕಿಸುತ್ತೇವೆ. ವಿಳಾಸ ಬದಲಿಸುವುದನ್ನು "ಮಾಡಿದ್ರಾಯ್ತು" ಅಂತ ಮುಂದೂಡುತ್ತೇವೆ. ಇದನ್ನು ಬರೀ ಸೋಮಾರಿತನ ಅಂತ ನಾನೂ ಅಂದುಕೊಂಡಿದ್ದೆ. ನಿಯಮಗಳನ್ನು ಓದುತ್ತಾ ಹೋದಂತೆ ಬೇರೆಯದೇ ಕಾಣಿಸಿತು. ಒಂದೇ ಮನೆಯಲ್ಲಿ ಹುಟ್ಟಿ ಅಲ್ಲೇ ಬಾಳುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವ್ಯವಸ್ಥೆಯೊಳಗೆ ನಾವು ಹನ್ನೊಂದು ತಿಂಗಳ ಕರಾರು ಹಿಡಿದುಕೊಂಡು ಓಡಾಡುತ್ತಿದ್ದೇವೆ.

ಹನ್ನೊಂದು ತಿಂಗಳ ಕಾಗದ

ಬಾಡಿಗೆ ಕರಾರು ಯಾಕೆ ಯಾವಾಗಲೂ ಹನ್ನೊಂದೇ ತಿಂಗಳು? ಉತ್ತರ 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಅಥವಾ ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆಯನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಖರ್ಚು, ಓಡಾಟ, ಬಾಡಿಗೆದಾರ ಹಕ್ಕು ಸಾಧಿಸಿಬಿಟ್ಟಾನು ಎಂಬ ಭಯ, ಇವೆಲ್ಲ ಬೇಡ ಅಂತ ಓನರ್‌ಗಳು ಒಂದು ತಿಂಗಳು ಕಡಿಮೆ ಮಾಡುತ್ತಾರೆ. ಛಾಪಾ ಕಾಗದದ ಮೇಲೆ ಸಹಿ ಬಿದ್ದರೆ ಮುಗಿಯಿತು.

ಈಗ ಇನ್ನೊಂದು ಕಡೆ ನೋಡಿ. ಮತದಾರರ ಪಟ್ಟಿಗೆ ಹೆಸರು ಸೇರಿಸುವ ಅರ್ಜಿಯಲ್ಲಿ ವಿಳಾಸದ ದಾಖಲೆಗಳ ಪಟ್ಟಿ ಇದೆ. ಬಾಡಿಗೆದಾರರಿಗೆ ಅಂತಲೇ ಅಲ್ಲೊಂದು ಸಾಲು ಇದೆ: ನೋಂದಾಯಿತ ಬಾಡಿಗೆ ಕರಾರು. ನೋಂದಣಿ ತಪ್ಪಿಸಲೆಂದೇ ಹುಟ್ಟಿದ ಕರಾರು ನಮ್ಮ ಕೈಯಲ್ಲಿ, ನೋಂದಣಿಯಾದ ಕರಾರು ಕೇಳುವ ಅರ್ಜಿ ಅವರ ಕೈಯಲ್ಲಿ.

ಬ್ಯಾಂಕ್‌ಗಳ ವಿಷಯದಲ್ಲೂ ಇದೇ ಕತೆ. ರಿಸರ್ವ್ ಬ್ಯಾಂಕಿನ ಕೆವೈಸಿ ನಿಯಮಗಳಲ್ಲಿ, ಮುಖ್ಯ ಗುರುತಿನ ದಾಖಲೆಯಲ್ಲಿ ಹೊಸ ವಿಳಾಸ ಇಲ್ಲದಿದ್ದರೆ ತಾತ್ಕಾಲಿಕವಾಗಿ ಕೊಡಬಹುದಾದ ದಾಖಲೆಗಳು ಕೆಲವಿವೆ: ಎರಡು ತಿಂಗಳಿಗಿಂತ ಹಳೆಯದಲ್ಲದ ಕರೆಂಟ್, ನೀರು, ಫೋನ್ ಅಥವಾ ಗ್ಯಾಸ್ ಬಿಲ್, ಆಸ್ತಿ ತೆರಿಗೆ ರಸೀದಿ, ಪಿಂಚಣಿ ಆದೇಶ, ಸರ್ಕಾರ, ಸಾರ್ವಜನಿಕ ಉದ್ದಿಮೆ, ಬ್ಯಾಂಕ್ ಅಥವಾ ಷೇರುಪೇಟೆಯಲ್ಲಿರುವ ಕಂಪನಿಗಳು ತಮ್ಮ ನೌಕರರಿಗೆ ಕೊಟ್ಟ ಮನೆಯ ಹಂಚಿಕೆ ಪತ್ರ. ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಇರುವವರಿಗೆ ದಾರಿ ಇದೆ, ಸ್ವಂತ ಮನೆ ಇರುವವರಿಗೂ ಇದೆ. ಖಾಸಗಿ ಓನರ್ ಜೊತೆ ಮಾಡಿಕೊಂಡ ಸಾಮಾನ್ಯ ಬಾಡಿಗೆ ಕರಾರಿಗೆ ಈ ಪಟ್ಟಿಯಲ್ಲಿ ಜಾಗ ಇಲ್ಲ. ಇನ್ನು ಕರೆಂಟ್ ಬಿಲ್ ಯಾರ ಹೆಸರಲ್ಲಿರುತ್ತದೆ? ಓನರ್ ಹೆಸರಲ್ಲಿ, ಕೆಲವೊಮ್ಮೆ ತೀರಿಹೋದ ಓನರ್ ಅಪ್ಪನ ಹೆಸರಲ್ಲಿ.

ಇಂಜಿನಿಯರಿಂಗ್ ಓದುವಾಗ ಡೇಟಾಬೇಸ್ ಪಾಠದಲ್ಲಿ ಮೊದಲು ಹೇಳಿಕೊಡುವ ಸಂಗತಿ ಒಂದಿದೆ. ಬದಲಾಗುವಂಥದ್ದನ್ನು ಯಾರದೇ ಗುರುತಿನ ಕೀಲಿಯಾಗಿ ಬಳಸಬೇಡಿ; ಅದು ಬದಲಾದ ದಿನ ಅದಕ್ಕೆ ಕಟ್ಟಿದ ಎಲ್ಲವೂ ಕಳಚಿಕೊಳ್ಳುತ್ತದೆ. ನಮ್ಮ ಸರ್ಕಾರಿ ಅರ್ಜಿಗಳು ಇವತ್ತಿಗೂ ಮಾಡುತ್ತಿರುವುದು ಅದನ್ನೇ. 2011ರ ಜನಗಣತಿಯ ಪ್ರಕಾರ ಈ ದೇಶದಲ್ಲಿ 45 ಕೋಟಿಗೂ ಹೆಚ್ಚು ಜನ ಹಿಂದೆ ಇದ್ದ ಊರು ಬಿಟ್ಟು ಬೇರೆ ಕಡೆ ನೆಲೆಸಿದ್ದವರು. ಅಂದರೆ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು.

ಅವರಲ್ಲಿ ದೊಡ್ಡ ಪಾಲು ಹೆಂಗಸರದು, ಅವರು ಊರು ಬಿಡಲು ಮುಖ್ಯ ಕಾರಣ ಮದುವೆ. 'ಖಾಯಂ ವಿಳಾಸ' ಎಂಬ ಕಾಲಂ ಅವರ ಪಾಲಿಗೆ ಮೊದಲು ಅಪ್ಪನ ಮನೆ, ಆಮೇಲೆ ಗಂಡನ ಮನೆ. ಗಂಡನಿಂದ ದೂರವಾಗಿ ಬಾಡಿಗೆ ಕೋಣೆ ಹಿಡಿದವಳು ಆ ಕಾಲಂನಲ್ಲಿ ಏನು ಬರೆಯಬೇಕು ಅಂತ ಯಾವ ಅರ್ಜಿಯೂ ಹೇಳುವುದಿಲ್ಲ.

ತಲುಪದ ಪತ್ರ ತಲುಪಿದಂತೆಯೇ ಲೆಕ್ಕ

"ಈಗ ಪತ್ರ ಯಾರು ಬರೀತಾರೆ, ಎಲ್ಲಾ ಮೊಬೈಲಿಗೇ ಬರುತ್ತಲ್ಲ" ಅನ್ನಬಹುದು. ಗೆಳೆಯರು ಬರೆಯುವುದಿಲ್ಲ, ನಿಜ. ನಮ್ಮ ಮೇಲೆ ಅಧಿಕಾರ ಇರುವವರು ಈಗಲೂ ಬರೆಯುತ್ತಾರೆ. ಕೋರ್ಟು, ಸಾಲ ಕೊಟ್ಟ ಸಂಸ್ಥೆ, ತೆರಿಗೆ ಇಲಾಖೆ, ಚುನಾವಣಾ ನೋಂದಣಾಧಿಕಾರಿ. ಅವರ ಪತ್ರ ನಿಮಗೆ ಸಿಗದಿದ್ದರೆ ನಷ್ಟ ಅವರಿಗಲ್ಲ.

1897ರ ಜನರಲ್ ಕ್ಲಾಸಸ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ತುಂಬಿ, ನೋಂದಾಯಿತ ಅಂಚೆಯಲ್ಲಿ ಕಳಿಸಿದರೆ, ಬೇರೆ ರೀತಿ ಸಾಬೀತಾಗುವವರೆಗೆ ಆ ಪತ್ರ ತಲುಪಿದೆ ಅಂತಲೇ ಕಾನೂನು ಭಾವಿಸುತ್ತದೆ. ಚೆಕ್ ಬೌನ್ಸ್ ಪ್ರಕರಣಗಳಲ್ಲಿ ಇದರ ಬಿಸಿ ತಟ್ಟುತ್ತದೆ. ಚೆಕ್ ವಾಪಸಾದ ಮಾಹಿತಿ ಬ್ಯಾಂಕಿನಿಂದ ಬಂದ 30 ದಿನದೊಳಗೆ ನೋಟಿಸ್ ಕಳಿಸಬೇಕು, ನೋಟಿಸ್ ತಲುಪಿದ 15 ದಿನದೊಳಗೆ ನೀವು ಹಣ ಕಟ್ಟಬೇಕು. ಕಟ್ಟದಿದ್ದರೆ ಕ್ರಿಮಿನಲ್ ಕೇಸ್. 'ಬಾಗಿಲು ಹಾಕಿದೆ', 'ಮನೆಯಲ್ಲಿಲ್ಲ' ಅಂತ ಷರಾ ಬರೆದು ಲಕೋಟೆ ವಾಪಸಾದರೂ ಆ 15 ದಿನ ಎಣಿಕೆ ಶುರುವಾಗಬಹುದು.

ನಾನು ಚೆಕ್ಕೇ ಬಳಸಲ್ಲ ಅನ್ನುವವರಿಗೆ ಒಂದು ಮಾತು. ಖಾತೆಯಿಂದ ತಾನಾಗಿಯೇ ಕಡಿತವಾಗುವ ಇಎಂಐ ಬೌನ್ಸ್ ಆದರೂ 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಅಡಿ ಹೆಚ್ಚೂಕಡಿಮೆ ಇದೇ ನಿಯಮ, ಇದೇ ನೋಟಿಸ್, ಇದೇ 15 ದಿನ.

2007ರಲ್ಲಿ ಸುಪ್ರೀಂ ಕೋರ್ಟ್, ಸಿ.ಸಿ. ಅಳವಿ ಹಾಜಿ ಪ್ರಕರಣದಲ್ಲಿ ಸ್ವಲ್ಪ ಸಡಿಲ ಕೊಟ್ಟಿತು. ನೋಟಿಸ್ ಸಿಗಲೇ ಇಲ್ಲ ಅನ್ನುವವರು ಕೋರ್ಟಿನ ಸಮನ್ಸ್ ಬಂದ 15 ದಿನದೊಳಗೆ ಹಣ ಕಟ್ಟಿ, ದೂರು ವಜಾ ಮಾಡಿ ಅಂತ ಕೇಳಬಹುದು. ಒಳ್ಳೆಯದೇ. ಆದರೆ ಆ ಸಮನ್ಸ್ ಕೂಡ ಯಾವ ವಿಳಾಸಕ್ಕೆ ಹೋಗುತ್ತದೆ ಹೇಳಿ? ಅದೇ ಹಳೇ ಮನೆಗೆ, ಕನ್ನಡಕ ಹುಡುಕುತ್ತಿರುವ ಆಂಟಿಯ ಕೈಗೆ.

ಇಲ್ಲಿ 'ಸರಿಯಾದ ವಿಳಾಸ' ಎಂಬ ಮಾತೇ ನಮಗಿರುವ ರಕ್ಷಣೆ. ನಾನು ಮನೆ ಬದಲಿಸಿದ್ದು ಅವರಿಗೆ ಗೊತ್ತಿತ್ತು ಅಂತ ತೋರಿಸಿದರೆ ವಾದಕ್ಕೆ ಬಲ ಬರುತ್ತದೆ. ಹಾಗಾಗಿ ವಿಳಾಸ ಬದಲಿಸಿದಷ್ಟೇ ಮುಖ್ಯ, ಬದಲಿಸಿದ್ದಕ್ಕೆ ಸಿಕ್ಕ ಸ್ವೀಕೃತಿ. ಇಮೇಲ್ ಆಗಲಿ, ಎಸ್‌ಎಂಎಸ್ ಆಗಲಿ, ಬ್ಯಾಂಕಿನ ಮೊಹರು ಬಿದ್ದ ಪ್ರತಿಯಾಗಲಿ, ಅದನ್ನು ಅಳಿಸಬೇಡಿ.

ಅಂಚೆಯಣ್ಣನ ಕಡೆಯಿಂದ ನೋಡಿದರೆ

ಲಕೋಟೆ ವಾಪಸಾಗುವ ಮುಂಚೆ ಸ್ವಲ್ಪ ಸಮಯ ಇರುತ್ತದೆ. ಮನೆಯಲ್ಲಿ ಯಾರೂ ಸಿಗದಿದ್ದರೆ ಅಂಚೆಯಣ್ಣ ಚೀಟಿ ಬಿಟ್ಟು ಹೋಗುತ್ತಾನೆ, ನೋಂದಾಯಿತ ಪತ್ರವನ್ನು ಸಾಮಾನ್ಯವಾಗಿ ಏಳು ದಿನ ಅಂಚೆ ಕಚೇರಿಯಲ್ಲಿ ಇಟ್ಟುಕೊಂಡಿರುತ್ತಾರೆ. ಹಾಗೆಯೇ, ಹಳೇ ಮನೆಯ ಬಟವಾಡೆ ಅಂಚೆ ಕಚೇರಿಗೆ ಹೋಗಿ "ನನ್ನ ಹೆಸರಿಗೆ ಬಂದದ್ದನ್ನು ಈ ಹೊಸ ವಿಳಾಸಕ್ಕೆ ಕಳಿಸಿ" ಅಂತ ಸಹಿ ಹಾಕಿ ಬರೆದುಕೊಡುವ ಪದ್ಧತಿ ಹಳೆಯ ಕಾಲದಿಂದಲೂ ಇದೆ. ಇದು ಶಾಶ್ವತವಲ್ಲ, ಒಂದಷ್ಟು ಕಾಲಕ್ಕೆ ಮಾತ್ರ. ಮನೆ ಬಿಟ್ಟ ಮೊದಲ ಕೆಲವು ತಿಂಗಳಲ್ಲೇ ಹೆಚ್ಚಿನ ಪತ್ರಗಳು ದಾರಿ ತಪ್ಪುವುದರಿಂದ ಅಷ್ಟು ಸಾಕು. ನನ್ನ ವಯಸ್ಸಿನವರಲ್ಲಿ ಇದನ್ನು ಮಾಡಿದವರನ್ನು ನಾನಂತೂ ನೋಡಿಲ್ಲ. ನಾನೂ ಮಾಡಿರಲಿಲ್ಲ.

ಆಂಟಿ ಹೇಳಿದ 'ರಿಜಿಸ್ಟರ್' ಈಗ ಹಳೆಯ ರೂಪದಲ್ಲಿ ಇಲ್ಲ. 2025ರಲ್ಲಿ ಅಂಚೆ ಇಲಾಖೆ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್ ಜೊತೆ ವಿಲೀನ ಮಾಡಿದೆ. ಪತ್ರ ಎಲ್ಲಿದೆ ಅಂತ ಆನ್‌ಲೈನಿನಲ್ಲಿ ನೋಡಬಹುದು, ಒಟಿಪಿ ಕೊಟ್ಟರೆ ಮಾತ್ರ ಬಟವಾಡೆ ಎಂಬ ಆಯ್ಕೆಯೂ ಬಂದಿದೆ. ಆದರೆ ಬಾರ್‌ಕೋಡ್ ಸಂಖ್ಯೆ ಇರುವುದು ಕಳಿಸಿದವರ ರಸೀದಿಯಲ್ಲಿ. ಬರುತ್ತಿದೆ ಅಂತಲೇ ಗೊತ್ತಿಲ್ಲದ ಪತ್ರವನ್ನು ಯಾವ ಸಂಖ್ಯೆ ಹಾಕಿ ಹುಡುಕುವುದು?

ವಿಳಾಸಕ್ಕೂ ಹೊಸ ತಂತ್ರಜ್ಞಾನ ಬಂದಿದೆ. 1972ರ ಆಗಸ್ಟ್ 15ರಂದು ಶುರುವಾದ ಆರಂಕಿಯ ಪಿನ್‌ಕೋಡ್ ಒಂದು ಬಡಾವಣೆಯನ್ನು ಗುರುತಿಸುತ್ತಿತ್ತು. 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್, ಇಡೀ ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳನ್ನಾಗಿ ಮಾಡಿ ಪ್ರತಿಯೊಂದಕ್ಕೂ ಹತ್ತು ಅಕ್ಷರ-ಅಂಕಿಗಳ ಗುರುತು ಕೊಡುತ್ತದೆ. ಐಐಟಿ ಹೈದರಾಬಾದ್ ಮತ್ತು ಇಸ್ರೋದ ದೂರಸಂವೇದಿ ಕೇಂದ್ರ ಇದರಲ್ಲಿ ಕೈಜೋಡಿಸಿವೆ. ಬಾಗಿಲು ಎಲ್ಲಿದೆ ಅಂತ ಇದು ಕರಾರುವಾಕ್ಕಾಗಿ ಹೇಳುತ್ತದೆ. ಆ ಬಾಗಿಲ ಹಿಂದೆ ಈಗ ಯಾರಿದ್ದಾರೆ ಅನ್ನುವುದೇ ನಮ್ಮ ಪ್ರಶ್ನೆ, ಅದಕ್ಕೆ ಡಿಜಿಪಿನ್ ಉತ್ತರ ಅಲ್ಲ.

ಆಧಾರ್ ಎಂಬ ಹೆಬ್ಬಾಗಿಲು

ಪ್ರಾಯೋಗಿಕವಾಗಿ ಎಲ್ಲರೂ ಮೊದಲು ಮುಟ್ಟುವುದು ಆಧಾರ್. ಇದರಲ್ಲಿ ಹೆಸರನ್ನು ಜೀವಮಾನದಲ್ಲಿ ಎರಡೇ ಸಲ ಬದಲಿಸಬಹುದು, ವಿಳಾಸಕ್ಕೆ ಅಂಥ ಮಿತಿ ಇಲ್ಲ. ಮೊಬೈಲ್ ಸಂಖ್ಯೆ ಜೋಡಣೆಯಾಗಿದ್ದರೆ ಮನೆಯಲ್ಲೇ ಕೂತು, ಸಣ್ಣ ಶುಲ್ಕ ಕಟ್ಟಿ ಬದಲಿಸಬಹುದು. ದಾಖಲೆ ಇಲ್ಲದವರಿಗಾಗಿ 2023ರ ಜನವರಿಯಲ್ಲಿ ಕುಟುಂಬದ ಮುಖ್ಯಸ್ಥರ ಒಪ್ಪಿಗೆಯ ಮೂಲಕ ವಿಳಾಸ ಬದಲಿಸುವ ದಾರಿಯನ್ನೂ ಆನ್‌ಲೈನಿನಲ್ಲಿ ತಂದರು. ತಂದೆತಾಯಿ, ಗಂಡ ಅಥವಾ ಹೆಂಡತಿ, ಮಕ್ಕಳ ಆಧಾರ್ ಬಳಸಿ ಅವರ ವಿಳಾಸವನ್ನು ನಿಮ್ಮದಾಗಿಸಿಕೊಳ್ಳಬಹುದು. ಅವರು 30 ದಿನದೊಳಗೆ ಒಪ್ಪಿಗೆ ಕೊಡಬೇಕು. ಇಲ್ಲೂ ಕಲ್ಪನೆ ಕುಟುಂಬದ್ದೇ. ಮೂರು ವರ್ಷದಿಂದ ಒಂದೇ ಅಡುಗೆಮನೆ ಹಂಚಿಕೊಂಡ ರೂಮ್‌ಮೇಟ್ ನಿಮ್ಮ ಪರವಾಗಿ ಹೀಗೆ ಹೇಳುವಂತಿಲ್ಲ.

ಹಾಗಂತ ಆಧಾರ್‌ನಲ್ಲಿ ಬರೆದ ವಿಳಾಸವೇ ವೇದವಾಕ್ಯ ಅಲ್ಲ. 2016ರ ಆಧಾರ್ ಕಾಯ್ದೆಯ 9ನೇ ಸೆಕ್ಷನ್ ಓದಿ: ಆಧಾರ್ ಸಂಖ್ಯೆಯೊಂದೇ ಪೌರತ್ವಕ್ಕಾಗಲಿ ನಿವಾಸಕ್ಕಾಗಲಿ ಪುರಾವೆಯಲ್ಲ. ಬ್ಯಾಂಕ್ ನಿಯಮಗಳೂ ಈ ವಿಷಯದಲ್ಲಿ ನಾವು ಅಂದುಕೊಂಡಿದ್ದಕ್ಕಿಂತ ಉದಾರ. 2019ರ ತಿದ್ದುಪಡಿಯ ನಂತರ, ಆಧಾರ್ ಕೊಟ್ಟು ಖಾತೆ ತೆರೆಯುವವರು ಅದರಲ್ಲಿರುವ ವಿಳಾಸದ ಬದಲು ಈಗಿನ ವಿಳಾಸ ಕೊಡಬೇಕಿದ್ದರೆ ಸ್ವಯಂ ಘೋಷಣೆ ಸಾಕು. ಈಗಾಗಲೇ ಖಾತೆ ಇರುವವರ ಕೆವೈಸಿ ನವೀಕರಣದಲ್ಲಿ ವಿಳಾಸ ಮಾತ್ರ ಬದಲಾಗಿದ್ದರೆ, ನೋಂದಾಯಿತ ಇಮೇಲ್, ಮೊಬೈಲ್, ನೆಟ್ ಬ್ಯಾಂಕಿಂಗ್ ಅಥವಾ ಪತ್ರದ ಮೂಲಕ ಸ್ವಯಂ ಘೋಷಣೆ ಕೊಡಬಹುದು. ಅದನ್ನು ಎರಡು ತಿಂಗಳೊಳಗೆ ಪರಿಶೀಲಿಸುವುದು ಬ್ಯಾಂಕಿನ ಕೆಲಸ.

ಇದನ್ನು ನಾನು ಶಾಖೆಯೊಂದರ ಕೌಂಟರಿನಲ್ಲಿ ಹೇಳಿದಾಗ "ಆಧಾರ್ ಚೇಂಜ್ ಮಾಡ್ಸಿ ಬನ್ನಿ ಸರ್" ಅಂತಲೇ ಉತ್ತರ ಬಂತು. ದೇವರು ಕೊಟ್ಟರೂ ಪೂಜಾರಿ ಕೊಡ. ಅಂಥ ಹೊತ್ತಲ್ಲಿ ಜಗಳಕ್ಕಿಂತ ಲಿಖಿತ ಅರ್ಜಿ ಹೆಚ್ಚು ಕೆಲಸ ಮಾಡುತ್ತದೆ. "ರಿಸರ್ವ್ ಬ್ಯಾಂಕಿನ ಕೆವೈಸಿ ನಿರ್ದೇಶನದಂತೆ ಸ್ವಯಂ ಘೋಷಣೆ ಕೊಡುತ್ತಿದ್ದೇನೆ" ಅಂತ ಒಂದು ಸಾಲು ಬರೆದು, ಪ್ರತಿಯ ಮೇಲೆ ಸ್ವೀಕೃತಿ ಕೇಳಿದೆ. ಹತ್ತು ನಿಮಿಷ ಒಳಗೆ ಹೋಗಿ ಬಂದವರು ಸುಮ್ಮನೆ ತೆಗೆದುಕೊಂಡರು.

ಮತ ಎಲ್ಲಿದೆ?

ವಿಳಾಸ ಬದಲಿಸದೆ ಬಿಟ್ಟದ್ದಕ್ಕೆ ಹೆಚ್ಚು ಬೆಲೆ ತೆರುವುದು ಇಲ್ಲಿ. 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ನಿಮ್ಮ ಹೆಸರು ಇರಬೇಕಾದ್ದು ನೀವು 'ಸಾಮಾನ್ಯವಾಗಿ ವಾಸವಿರುವ' ಕ್ಷೇತ್ರದಲ್ಲಿ. 20ನೇ ಸೆಕ್ಷನ್ ಇನ್ನೊಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಒಂದು ಊರಲ್ಲಿ ಮನೆ ಇದೆ ಎಂಬ ಒಂದೇ ಕಾರಣಕ್ಕೆ ಆ ಊರಿನ ವಾಸಿ ಆಗುವುದಿಲ್ಲ. ಅಂದರೆ ಕಾನೂನಿಗೆ ಖಾಯಂ ವಿಳಾಸ ಬೇಕಾಗಿಯೇ ಇಲ್ಲ, ನೀವು ಈಗ ಎಲ್ಲಿ ಬದುಕುತ್ತಿದ್ದೀರಿ ಅನ್ನುವುದಷ್ಟೇ ಬೇಕು. ಬೀದಿಯಲ್ಲಿ ಮಲಗುವವರಿಗೂ ಮತದಾನದ ಹಕ್ಕಿದೆ. ಅಂಥವರು ಹೇಳಿದ ಜಾಗಕ್ಕೆ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ, ರಾತ್ರಿ ಹೊತ್ತು ಹೋಗಿ ಅವರು ಅಲ್ಲೇ ಮಲಗುತ್ತಾರೆಯೇ ಅಂತ ನೋಡಬೇಕು, ಬೇರೆ ದಾಖಲೆ ಕೇಳಬಾರದು ಅಂತ ಚುನಾವಣಾ ಆಯೋಗದ ಸೂಚನೆಯೇ ಇದೆ. ಇಷ್ಟು ಮಾನವೀಯವಾದ ಕಾನೂನು ಅರ್ಜಿಯ ಹಂತಕ್ಕೆ ಬರುವಾಗ ನೋಂದಾಯಿತ ಕರಾರು ಕೇಳುತ್ತದೆ.

ಹಳೇ ವಿಳಾಸದಲ್ಲೇ ಹೆಸರು ಬಿಟ್ಟರೆ ಏನಾಗುತ್ತದೆ? ಮಹದೇವಪುರ ನೆನಪಿಸಿಕೊಳ್ಳಿ. 2025ರ ಆಗಸ್ಟ್ 7ರಂದು ರಾಹುಲ್ ಗಾಂಧಿ, 2024ರ ಲೋಕಸಭಾ ಚುನಾವಣೆಯಲ್ಲಿ ಈ ಒಂದೇ ಕ್ಷೇತ್ರದಲ್ಲಿ 1,00,250 ಮತಗಳ ಕಳವು ನಡೆದಿದೆ ಅಂತ ಆರೋಪಿಸಿದರು. ಒಂದು ಸಣ್ಣ ಕೋಣೆಯ ವಿಳಾಸದಲ್ಲಿ 80 ಮತದಾರರಿದ್ದಾರೆ ಅಂತ ತೋರಿಸಿದರು. ಚುನಾವಣಾ ಆಯೋಗ ಆರೋಪವನ್ನು ಅಲ್ಲಗಳೆಯಿತು. ಅಲ್ಲಿಗೆ ಹೋದ ವರದಿಗಾರರಿಗೆ ಕಂಡಿದ್ದು ವಲಸೆ ಕಾರ್ಮಿಕರು ಬಾಡಿಗೆಗೆ ಬಂದು ಹೋಗುವ ಕೋಣೆ. ಬಂದವರು ಹೆಸರು ಸೇರಿಸಿದ್ದರು, ಹೋದವರು ತೆಗೆಸಿರಲಿಲ್ಲ ಎಂಬ ವಿವರಣೆ ಬಂತು. ಇಡೀ ಆರೋಪಕ್ಕೆ ಅದೊಂದೇ ಉತ್ತರವಾಗಲಾರದು. ಆದರೆ ಹಳಸಿದ ಪಟ್ಟಿಯಲ್ಲಿ ಮನೆ ಬದಲಿಸಿದ ಬಡ ಕಾರ್ಮಿಕನೂ, ನಕಲಿ ಮತದಾರನೂ ಒಂದೇ ಥರ ಕಾಣುತ್ತಾರೆ. ಒಬ್ಬನನ್ನು ತೋರಿಸಿ ಇನ್ನೊಬ್ಬನನ್ನು ಮುಚ್ಚಿಡಬಹುದು, ಅಥವಾ ಒಬ್ಬನ ಹೆಸರಲ್ಲಿ ಇನ್ನೊಬ್ಬನನ್ನು ಅಳಿಸಿಹಾಕಬಹುದು.

ಅಳಿಸುವ ಕತೆಯೂ ನಮ್ಮಲ್ಲೇ ಇದೆ. 2023ರ ವಿಧಾನಸಭಾ ಚುನಾವಣೆಗೂ ಮುನ್ನ ಕಲಬುರಗಿ ಜಿಲ್ಲೆಯ ಆಳಂದದಲ್ಲಿ ಹೆಸರು ತೆಗೆಯಲು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಪರಿಶೀಲಿಸಿದಾಗ ಸರಿಯಾಗಿದ್ದವು ಬರೀ 24. ಉಳಿದವು ಬಯಲಾಗಿದ್ದು ಯಾಕೆಂದರೆ ಅಧಿಕಾರಿಗಳು ಮನೆಗೆ ಹೋದಾಗ ಆ ಮತದಾರರು ಅಲ್ಲೇ ಇದ್ದರು. ಇದೇ ಅರ್ಜಿ ನನ್ನ ಹೆಸರಿನ ಮೇಲೆ ಗಿರಿನಗರದಲ್ಲಿ ಬಿದ್ದಿದ್ದರೆ? ಬಿಎಲ್‌ಒ ಬಾಗಿಲು ತಟ್ಟುತ್ತಿದ್ದರು, "ಅವ್ರು ಈಗ ಇಲ್ಲಿಲ್ಲ" ಅಂತ ಆಂಟಿ ನಿಜವನ್ನೇ ಹೇಳುತ್ತಿದ್ದರು. ಅಲ್ಲಿಗೆ ನನ್ನ ಮತ ಮುಗಿಯುತ್ತಿತ್ತು.

ಬಿಹಾರದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ನಡೆಯಿತು. 2025ರ ವಿಶೇಷ ತೀವ್ರ ಪರಿಷ್ಕರಣೆ ಶುರುವಾದಾಗ ಪಟ್ಟಿಯಲ್ಲಿ 7.89 ಕೋಟಿ ಹೆಸರುಗಳಿದ್ದವು. ಆಗಸ್ಟ್ 1ರ ಕರಡಿನಲ್ಲಿ ಉಳಿದದ್ದು 7.24 ಕೋಟಿ. ಬಿಟ್ಟುಹೋದ ಸುಮಾರು 65 ಲಕ್ಷದಲ್ಲಿ ತೀರಿಹೋದವರು ಅಂತ ತೋರಿಸಿದ್ದು 22 ಲಕ್ಷ, ಎರಡು ಕಡೆ ಹೆಸರಿದ್ದವರು 7 ಲಕ್ಷ. ಎಲ್ಲಕ್ಕಿಂತ ದೊಡ್ಡ ಗುಂಪು, ಸುಮಾರು 36 ಲಕ್ಷ, 'ಶಾಶ್ವತವಾಗಿ ಸ್ಥಳಾಂತರಗೊಂಡವರು ಅಥವಾ ಪತ್ತೆಯಾಗದವರು'. ಯಾರನ್ನು ಯಾವ ಕಾರಣಕ್ಕೆ ಬಿಟ್ಟಿರಿ ಅಂತ ಪಟ್ಟಿ ಪ್ರಕಟಿಸಿ ಎಂದು ಸುಪ್ರೀಂ ಕೋರ್ಟ್ ಆಗಸ್ಟ್ 14ರಂದು ಹೇಳಬೇಕಾಯಿತು. ಆ ಬಿಹಾರದ ಎಷ್ಟೋ ಜನ ನಮ್ಮ ಬೆಂಗಳೂರಿನ ಮೆಟ್ರೋ ಕಾಮಗಾರಿಗಳಲ್ಲಿ, ಹೋಟೆಲುಗಳಲ್ಲಿ ದುಡಿಯುತ್ತಿದ್ದಾರೆ. ಊರಲ್ಲಿ ಅವರು 'ಪತ್ತೆಯಾಗದವರು', ಇಲ್ಲಿ 'ಹೊರಗಿನವರು'.

ಚುನಾವಣೆ ಮುಗಿದಾಗಲೆಲ್ಲ ಬೆಂಗಳೂರಿಗರ ಮೇಲೆ ಒಂದು ಬೈಗುಳ ಬೀಳುತ್ತದೆ. 2023ರಲ್ಲಿ ರಾಜ್ಯದ ಮತದಾನ ಶೇ 73 ದಾಟಿದಾಗ ರಾಜಧಾನಿಯದು ಅದಕ್ಕಿಂತ ಬಹಳ ಕೆಳಗಿತ್ತು. ರಜೆ ಸಿಕ್ಕರೆ ಟ್ರಿಪ್ ಹೋಗ್ತಾರೆ ಅಂತ ಬೈದರು. ಟ್ರಿಪ್ ಹೋಗುವವರಿದ್ದಾರೆ. ಆದರೆ ಪಟ್ಟಿಯಲ್ಲಿರುವ ಎಷ್ಟು ಹೆಸರುಗಳ ಹಿಂದೆ ಆ ಮನೆ ಬಿಟ್ಟುಹೋದ ಮನುಷ್ಯರಿದ್ದಾರೆ, ಅವರು ಎಲ್ಲಿ ಮತ ಹಾಕಬೇಕಿತ್ತು ಅಂತ ಕೇಳದೆ ಬೈಯುವುದು ಅರ್ಧ ಸತ್ಯ.

ಮಾಡಬೇಕಾದ ಕೆಲಸ, ಕ್ರಮವಾಗಿ

ನಾನು ಒಂದು ಶನಿವಾರ ಕೂತು ಮಾಡಿದ್ದನ್ನು ಹೇಳುತ್ತೇನೆ. ನೀವು ಮನೆ ಬಿಡುವ ಮೊದಲೇ ಶುರು ಮಾಡಿದರೆ ಇನ್ನೂ ಸುಲಭ.

ಒಂದು, ಪಟ್ಟಿ. ಕಳೆದ ಒಂದು ವರ್ಷದ ಇಮೇಲ್, ಎಸ್‌ಎಂಎಸ್ ನೋಡಿ ನಿಮ್ಮ ವಿಳಾಸ ಯಾರ ಬಳಿ ಇದೆ ಅಂತ ಬರೆದುಕೊಳ್ಳಿ. ನನ್ನ ಪಟ್ಟಿಯಲ್ಲಿ ಹದಿನೇಳು ಹೆಸರು ಬಂದವು.

ಎರಡು, ಹಳೇ ಮನೆ. ಬಟವಾಡೆ ಅಂಚೆ ಕಚೇರಿಗೆ ಮರುರವಾನೆ ಅರ್ಜಿ ಕೊಡಿ. ಓನರ್‌ಗೆ ಮತ್ತು ಹೊಸದಾಗಿ ಬಂದವರಿಗೆ ನಂಬರ್ ಕೊಟ್ಟು, "ಏನಾದ್ರೂ ಬಂದ್ರೆ ಕವರ್ ಫೋಟೋ ತೆಗೆದು ಕಳಿಸಿ" ಅನ್ನಿ. ಅಡ್ವಾನ್ಸ್ ವಿಷಯಕ್ಕೆ ಜಗಳ ಆಗಿದ್ದರೂ ಈ ಒಂದು ಮಾತು ಹೇಳಿಯೇ ಹೊರಡಿ.

ಮೂರು, ಗೃಹಜ್ಯೋತಿ. ಬಾಡಿಗೆದಾರರು ಮೀಟರಿನ ಆರ್‌ಆರ್ ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಿ ಉಚಿತ ವಿದ್ಯುತ್ ಪಡೆಯುತ್ತಿದ್ದೇವೆ. ಹಳೇ ಮನೆಯ ಜೋಡಣೆ ತೆಗೆಸದೆ ಹೊಸ ಮನೆಗೆ ಸಿಗುವುದಿಲ್ಲ. ಯೋಜನೆ ಶುರುವಾದಾಗ ಈ ಅವಕಾಶವೇ ಇರಲಿಲ್ಲ. ಬಾಡಿಗೆದಾರರು ಕೇಳಿಕೇಳಿ 2024ರಲ್ಲಿ ಸೇವಾಸಿಂಧುವಿನಲ್ಲಿ ಜೋಡಣೆ ರದ್ದು ಮಾಡುವ ಸೌಲಭ್ಯ ಬಂತು.

ನಾಲ್ಕು, ಆಧಾರ್ ಮತ್ತು ಬ್ಯಾಂಕ್. ಹೊಸ ವಿಳಾಸದ ದಾಖಲೆ ಇದ್ದರೆ ಆಧಾರ್ ಮೊದಲು, ಆಮೇಲೆ ಉಳಿದದ್ದು. ಇಲ್ಲದಿದ್ದರೆ ಬ್ಯಾಂಕಿಗೆ ಸ್ವಯಂ ಘೋಷಣೆ ಕೊಡಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹೊಸ ವಿಳಾಸ ಅಚ್ಚಾದರೆ, ಅದೇ ಮತದಾರರ ಅರ್ಜಿಗೂ ದಾಖಲೆಯಾಗುತ್ತದೆ. ಸಾಲ ಇದ್ದರೆ ಸಾಲ ಕೊಟ್ಟ ಸಂಸ್ಥೆಗೆ ಪ್ರತ್ಯೇಕವಾಗಿ ತಿಳಿಸಿ, ಸ್ವೀಕೃತಿ ಇಟ್ಟುಕೊಳ್ಳಿ.

ಐದು, ಗಾಡಿ. ಮೋಟಾರು ವಾಹನ ಕಾಯ್ದೆಯ 49ನೇ ಸೆಕ್ಷನ್ ಪ್ರಕಾರ ವಿಳಾಸ ಬದಲಾದ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ಆರು, ಮತ. ಈಗಾಗಲೇ ವೋಟರ್ ಐಡಿ ಇದ್ದವರು ಹೊಸದಾಗಿ ನಮೂನೆ 6 ತುಂಬಬೇಡಿ. ಅದು ಮೊದಲ ಸಲ ಹೆಸರು ಸೇರಿಸುವವರಿಗೆ. ಮನೆ ಬದಲಿಸಿದವರಿಗೆ ನಮೂನೆ 8. 2022ರ ಆಗಸ್ಟ್ 1ರಿಂದ, ಅದೇ ಕ್ಷೇತ್ರದೊಳಗೆ ಹೋದರೂ ಬೇರೆ ಕ್ಷೇತ್ರಕ್ಕೆ ಹೋದರೂ ಇದೊಂದೇ ನಮೂನೆ. ಎರಡು ಕಡೆ ಹೆಸರಿರುವುದು ಕಾನೂನಿಗೆ ವಿರುದ್ಧ, ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯೂ ಇದೆ. ಚುನಾವಣೆ ಘೋಷಣೆಯಾಗಲಿ ಅಂತ ಕಾಯಬೇಡಿ. ಕಾರ್ಡ್ ಮತ್ತೆ ಅಂಚೆಯಲ್ಲಿ ದಾರಿ ತಪ್ಪೀತು ಅನ್ನುವವರು ಇ-ಎಪಿಕ್ ಡೌನ್‌ಲೋಡ್ ಮಾಡಿಕೊಳ್ಳಬಹುದು.

ಕೊನೆಯದು, ನಿಮ್ಮ ಫ್ರಿಡ್ಜ್ ಮೇಲಿನ ಪತ್ರಗಳು. ಬಿಸಾಡಬೇಡಿ, ಒಡೆದು ನೋಡಬೇಡಿ. 'ಈ ವಿಳಾಸದಲ್ಲಿ ಇಲ್ಲ' ಅಂತ ಬರೆದು ಅಂಚೆಯಣ್ಣನಿಗೆ ಮರಳಿಸಿ. ಹಿಂದಿನವರ ನಂಬರ್ ಓನರ್ ಹತ್ತಿರ ಇದ್ದರೆ ಒಂದು ಮೆಸೇಜ್ ಹಾಕಿ.

ರೇಷನ್ನಿಗೆ ಆಗಿದ್ದು ಮತಕ್ಕೆ ಯಾಕಾಗದು?

ಇಷ್ಟೆಲ್ಲ ಮಾಡಿ ಮುಗಿಸಿದಾಗ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚಿತ್ತು. ನನಗೆ ಲ್ಯಾಪ್‌ಟಾಪ್ ಇದೆ, ಕಾನೂನು ಓದುವ ಅಭ್ಯಾಸ ಇದೆ, ಶನಿವಾರ ರಜೆ ಇದೆ. ಯಾದಗಿರಿಯಿಂದ ಬಂದು ಆರು ತಿಂಗಳಿಗೊಂದು ಕಟ್ಟಡಕ್ಕೆ ಶೆಡ್ಡು ಬದಲಿಸುವ ಕುಟುಂಬಕ್ಕೆ ಇದ್ಯಾವುದೂ ಇಲ್ಲ. ಅವರಿಗೆ ಹನ್ನೊಂದು ತಿಂಗಳ ಕಾಗದವೂ ಇಲ್ಲ.

ಹಕ್ಕನ್ನು ವಿಳಾಸದಿಂದ ಬಿಡಿಸುವುದು ಅಸಾಧ್ಯವೇನಲ್ಲ, ಒಂದು ಕಡೆ ಆಗಲೇ ಆಗಿದೆ. ಮೊದಲು ರೇಷನ್ ಕಾರ್ಡ್ ಅಂದರೆ ನಿಮ್ಮೂರಿನ ಒಂದು ನ್ಯಾಯಬೆಲೆ ಅಂಗಡಿ. 2020ರ ಜನವರಿಯಲ್ಲಿ ಕರ್ನಾಟಕವೂ ಸೇರಿ 12 ರಾಜ್ಯಗಳಲ್ಲಿ 'ಒಂದು ದೇಶ, ಒಂದು ಪಡಿತರ ಚೀಟಿ' ಜಾರಿಗೆ ಬಂತು, 2022ರ ಹೊತ್ತಿಗೆ ಇಡೀ ದೇಶಕ್ಕೆ ಹರಡಿತು. ಬೆರಳಚ್ಚು ಹೊಂದದಿರುವುದು, ಸರ್ವರ್ ಡೌನ್ ಅನ್ನುವ ಉತ್ತರ, ಇಂಥ ತೊಂದರೆಗಳು ಇದ್ದೇ ಇವೆ. ಆದರೂ ಆಹಾರ ಭದ್ರತಾ ಕಾಯ್ದೆಯ ಅಕ್ಕಿ ಈಗ ಮನುಷ್ಯನ ಹಿಂದೆ ಹೋಗುತ್ತದೆ ಎಂಬ ತತ್ವವನ್ನು ಸರ್ಕಾರ ಒಪ್ಪಿಕೊಂಡಿದೆ. ಮತದ ವಿಷಯದಲ್ಲಿ ಅಂಥ ಪ್ರಯತ್ನ ಒಮ್ಮೆ ಆಯಿತು. ಒಂದೇ ಮತಗಟ್ಟೆಯಿಂದ 72 ಕ್ಷೇತ್ರಗಳ ವಲಸಿಗರು ಮತ ಹಾಕಬಹುದಾದ ಯಂತ್ರದ ಮಾದರಿಯನ್ನು ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ವಿರೋಧ ಪಕ್ಷಗಳು ಆಕ್ಷೇಪ ಎತ್ತಿದವು, ಅವುಗಳಲ್ಲಿ ಹುರುಳಿಲ್ಲದಿರಲಿಲ್ಲ. ಮಾತು ಅಲ್ಲಿಗೇ ನಿಂತಿತು.

ಯಂತ್ರ ಬರುವವರೆಗೂ ಕಾಯಬೇಕಿಲ್ಲ. ಕೇಳಬಹುದಾದ ಸಣ್ಣ ಬೇಡಿಕೆಗಳಿವೆ. ನೋಂದಣಿಯಾಗದ ಬಾಡಿಗೆ ಕರಾರನ್ನೂ ವಿಳಾಸಕ್ಕೆ ಒಪ್ಪಬೇಕು, ಅನುಮಾನ ಇದ್ದರೆ ಬಂದು ನೋಡಲಿ. 'ಸ್ಥಳಾಂತರ' ಅಂತ ಯಾರ ಹೆಸರನ್ನಾದರೂ ತೆಗೆಯುವ ಮೊದಲು, ಅವರು ಬಿಟ್ಟುಹೋದ ಮನೆಗೆ ನೋಟಿಸ್ ಕಳಿಸಿ ಕೈತೊಳೆದುಕೊಳ್ಳದೆ ಫೋನಿಗೂ ತಿಳಿಸಬೇಕು. ಒಂದು ಕಡೆ ಬದಲಿಸಿದರೆ, ನಾನು ಒಪ್ಪಿದ ಕಡೆಗಳಿಗೆ ಮಾತ್ರ ಅದು ತಲುಪುವಂತಿರಬೇಕು. ನಾನೆಲ್ಲಿದ್ದೇನೆ ಅನ್ನುವುದು ನನ್ನ ಅನುಮತಿ ಇಲ್ಲದೆ ಎಲ್ಲ ಇಲಾಖೆಗೂ ಹರಿದಾಡುವುದು ಇದಕ್ಕಿಂತ ದೊಡ್ಡ ಅಪಾಯ. ಗೃಹಜ್ಯೋತಿಯಲ್ಲಿ ಬಾಡಿಗೆದಾರರು ಕೇಳಿದ್ದಕ್ಕೆ ನಿಯಮ ಬದಲಾಯಿತು ಅನ್ನುವುದನ್ನು ನೆನಪಿಡಿ.

ಮೊನ್ನೆ ಗಿರಿನಗರಕ್ಕೆ ಹೋಗಿ ಆಂಟಿಗೆ ನನ್ನ ಹೊಸ ವಿಳಾಸ ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟು ಬಂದೆ. ಕ್ಯಾಲೆಂಡರ್ ಪಕ್ಕ ಅಂಟಿಸಿಕೊಂಡರು. "ಈ ಮನೇಲಾದ್ರೂ ಸ್ವಲ್ಪ ದಿನ ಇರ್ತೀಯೇನೋ?" ಅಂತ ಕೇಳಿದರು. ಕರಾರು ಮುಗಿಯೋಕೆ ಇನ್ನು ನಾಲ್ಕು ತಿಂಗಳಿದೆ ಅಂದೆ.